ಬಲಗಡೆಯ ಮಬ್ಬು

ಹಿತ್ತಲ ಬಾಗಿಲಿನಲ್ಲಿ ನಿಂತು ಪಾಲಣ್ಣ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಜಾಮಿಯಾ ಮಸೀದಿಯ ಮಿನಾರುಗಳು ಇರಬೇಕಾದ ಕಡೆ ಗಂಜಿಯ ಬಣ್ಣದ ಬೆಳಕೊಂದು ನಿಂತಿತ್ತು. ನಿನ್ನೆ ಎರಡು ಉದ್ದನೆಯ ನೆರಳುಗಳಾದರೂ ಕಂಡಿದ್ದವು. ನಿಜವಾಗಿ ಕಂಡಿದ್ದವೋ, ಅಲ್ಲಿ ಮಿನಾರುಗಳಿವೆ ಎಂದು ಗೊತ್ತಿದ್ದರಿಂದ ಕಂಡಂತೆ ಅನ್ನಿಸಿತ್ತೋ, ಹೇಳುವುದು ಕಷ್ಟ. ಮೋಡ ಕವಿದಿರಬೇಕು ಎಂದುಕೊಂಡು ಕೈ ತೆಗೆದ. ಮೋಡ ಇರಲಿಲ್ಲ. ಕಾರಹುಣ್ಣಿಮೆ ಕಳೆದ ಮೇಲೆ ಎರಡು ದಿನ ಹದವಾಗಿ ಸುರಿದ ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಮಿನಾರುಗಳೂ ಅವುಗಳ ಮೇಲೆ ಕೂತ ಪಾರಿವಾಳಗಳೂ ಎಡಗಣ್ಣಿಗೆ ಸ್ಪಷ್ಟವಾಗಿ ಕಂಡವು. ಒಂದು ಕಣ್ಣಿಗೆ ಇಷ್ಟು ಕಂಡರೆ ಸಾಕಲ್ಲ, ಇನ್ನೊಂದು ಯಾಕೆ ಎಂದು ತನಗೆ ತಾನೇ ವಾದ ಹೂಡಿದ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಇದೇ ವಾದ, ದಿನಾ ಅವನೇ ಗೆಲ್ಲುತ್ತಿದ್ದ. ಇವತ್ತು ಮಾತ್ರ ಗೆದ್ದ ಮೇಲೂ ಒಳಗೆ ಹೋಗದೆ, ಹಲ್ಲುಜ್ಜುವ ನೆಪದಲ್ಲಿ ಅಲ್ಲೇ ಸ್ವಲ್ಪ ಹೊತ್ತು ನಿಂತ.

"ಕತ್ತು ಹೆಂಗೈತೆ?" ಎಂದು ಒಳಗಿನಿಂದ ಕಾಟಮ್ಮ ಕೇಳಿದಳು.

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಇನ್ನೂ ಐತೆ ಅಂತ. ಬಾ ಇಲ್ಲಿ, ಎಣ್ಣೆ ಬಿಸಿ ಮಾಡಿವ್ನಿ."

ಅವನ ಕತ್ತಿಗೆ ಯಾವ ನೋವೂ ಇರಲಿಲ್ಲ. ಬಲಕ್ಕೆ ನೋಡಬೇಕಾದಾಗಲೆಲ್ಲ ಅವನು ಇಡೀ ತಲೆಯನ್ನು, ಕೆಲವು ಸಲ ಭುಜವನ್ನೂ ಸೇರಿಸಿ ತಿರುಗಿಸುವುದನ್ನು ಎರಡು ವರ್ಷದ ಹಿಂದೆ ಅವಳು ಕಂಡು, "ಯಾಕೆ, ಕತ್ತು ಹಿಡ್ಕಂಡೈತಾ?" ಎಂದು ಕೇಳಿದ್ದಳು. ಹೌದು ಎಂದುಬಿಟ್ಟಿದ್ದ. ಅಂದಿನಿಂದ ಹರಳೆಣ್ಣೆ ಬಿಸಿ ಮಾಡಿ, ಇಲ್ಲದ ನೋವನ್ನು ಹುಡುಕುತ್ತ ಅವಳ ಹೆಬ್ಬೆರಳು ಅವನ ಕತ್ತಿನ ನರಗಳ ಮೇಲೆ ಓಡಾಡುತ್ತಿತ್ತು. ಮಣೆಯ ಮೇಲೆ ತಲೆ ತಗ್ಗಿಸಿ ಕೂತಾಗ ಅವನಿಗೆ ಬೇರೆಯವರ ಔಷಧಿ ಕದ್ದು ಕುಡಿಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ಲೈಸೆನ್ಸ್ ರಿನ್ಯೂವಲ್‌ಗೆ ಕಣ್ಣು ತೋರಿಸಲು ಹೋದ ದಿನವೂ ಹೀಗೇ. ಬೆಂಚಿನ ಮೇಲೆ ಸರದಿಗೆ ಕಾಯುತ್ತ, ಗೋಡೆಗೆ ತೂಗುಹಾಕಿದ್ದ ಅಕ್ಷರಗಳನ್ನು ಎಡಗಣ್ಣಿನಿಂದ ಓದಿ ಸಾಲುಸಾಲಾಗಿ ಬಾಯಿಪಾಠ ಮಾಡಿಕೊಂಡಿದ್ದ. ನ, ಗ, ರ, ದ, ಪ. ಅದರ ಕೆಳಗೆ ಠ, ವ, ಸ, ಲ. ಎಡಗಣ್ಣು ಮುಚ್ಚಿ ಓದಿ ಎಂದಾಗ ಬೆಳ್ಳಗಿನ ಮಬ್ಬಿನೊಳಕ್ಕೆ ನೋಡುತ್ತ, ಶಾಲೆಯ ಹುಡುಗನ ಹಾಗೆ ಒಪ್ಪಿಸಿದ. ನಡುವೆ ಒಂದು ಕಡೆ ಬೇಕೆಂದೇ ತಡವರಿಸಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಈ ವಯಸ್ಸಿಗೆ ಇದು ಬಹಳ ಚೆನ್ನಾಗಿದೆ," ಎಂದು ಹೇಳಿ ಕಣ್ಣಿನ ಡಾಕ್ಟರು ಸಹಿ ಹಾಕಿದ್ದರು. ಹೊರಗೆ ಬಂದು ಒಂದು ಲೋಟ ಕಾಫಿ ಕುಡಿದಿದ್ದ. ಅದರ ರುಚಿ ಹೇಗಿತ್ತು ಎಂಬುದೇ ನೆನಪಿಲ್ಲ.

ಮಧುಗಿರಿ-ಪಾವಗಡದ ದಾರಿಯಲ್ಲಿ ಖಾಸಗಿ ಬಸ್ಸು ಓಡಿಸಿದ್ದು ಮೂವತ್ತೊಂದು ವರ್ಷ. ಒಂದು ಕುರಿಯೂ ಚಕ್ರದ ಕೆಳಗೆ ಬಂದಿರಲಿಲ್ಲ. ಬಸ್ಸು ಬಿಟ್ಟ ಮೇಲೆ ಶಿರಾದ ಕಡಲೆಕಾಯಿ ಮಂಡಿಯ ಮಲ್ಲಿಕಾರ್ಜುನಯ್ಯ ಕರೆದು, ತಮ್ಮ ಬೂದು ಬಣ್ಣದ ಅಂಬಾಸಡರ್ ಕಾರನ್ನು ಅವನ ಕೈಗೆ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಅವರ ಇಬ್ಬರು ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದು, ಆಮೇಲೆ ಯಜಮಾನರು ಎಲ್ಲಿಗೆ ಹೇಳಿದರೆ ಅಲ್ಲಿಗೆ. ಇವತ್ತು ಯಜಮಾನರ ಬೀಗಿತ್ತಿ ಶಿವರುದ್ರಮ್ಮನನ್ನೂ, ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಅವಳ ಕಿರಿಮಗಳನ್ನೂ, ಐದು ತಿಂಗಳ ಕೂಸನ್ನೂ ಬರಗೂರಿಗೆ ಮುಟ್ಟಿಸಿ ಬರಬೇಕಿತ್ತು. ಊರು ದಾಟಿದ ಮೇಲೆ ಶಿವರುದ್ರಮ್ಮ ಹಿಂದಿನ ಸೀಟಿನಿಂದ, "ನೀನು ಕೂತ್ರೆ ನಮ್ಗೆ ಧೈರ್ಯ ಕಣಪ್ಪ ಪಾಲಣ್ಣ. ಈಗಿನ ಹುಡುಗ್ರು ಓಡ್ಸಾದು ನೋಡಿದ್ರೆ ಎದೆ ಝಲ್ ಅಂತೈತೆ," ಎಂದಳು. ಅವನು ಕನ್ನಡಿಯಲ್ಲಿ ನಕ್ಕಂತೆ ಮಾಡಿದ. ಅದಾಗಿ ಎರಡು ನಿಮಿಷಕ್ಕೆ ಬಲಗಡೆಯ ಮಬ್ಬಿನಿಂದ ಸೈಕಲ್ಲೊಂದು ಹುಟ್ಟಿಕೊಂಡು ಬಾನೆಟ್ಟಿಗೆ ಮೊಳದಷ್ಟು ಹತ್ತಿರದಲ್ಲಿ ದಾಟಿಹೋಯಿತು. ಸೈಕಲ್ಲಿನವನು ತಿರುಗಿ ನೋಡಿ ಏನೋ ಬೈದ. ಹಿಂದೆ ಕೂತವರಿಗೆ ಏನೂ ಗೊತ್ತಾಗಲಿಲ್ಲ. ಕೂಸು ನಿದ್ದೆಯಲ್ಲಿ ಹಾಲು ಚೀಪುವ ಸದ್ದು ಮಾಡುತ್ತಿತ್ತು.

ಬರಗೂರಿನಲ್ಲಿ ಅವರನ್ನು ಇಳಿಸಿ, ಒತ್ತಾಯಕ್ಕೆ ಎರಡು ಒಬ್ಬಟ್ಟು ತಿಂದು ಒಬ್ಬನೇ ಹಿಂದಿರುಗುವಾಗ ಮನಸ್ಸು ಹಗುರಾಗಿತ್ತು. ಬರಿಯ ಕಾರು. ಏನಾದರೂ ಆದರೆ ತನ್ನೊಬ್ಬನಿಗೆ ಎಂದುಕೊಂಡ. ರಸ್ತೆಯಲ್ಲಿ ಬೇರೆಯವರೂ ಇರುತ್ತಾರೆ ಎಂಬ ಯೋಚನೆ ಬರದೇ ಹೋದದ್ದು ಹೇಗೆ ಎಂದು ಅವನು ಆಮೇಲೆ ಎಷ್ಟೋ ಸಲ ಕೇಳಿಕೊಂಡ. ಎರಡೂ ಬದಿಗೆ ಉತ್ತ ಹೊಲ, ಕೆಂಪು ಮಣ್ಣಿನ ವಾಸನೆ. ಬಸ್ಸಿನ ಕಾಲದಲ್ಲಿ ಈ ವಾಸನೆ ಬಂದರೆ ಕಡಲೆಕಾಯಿ ಬಿತ್ತನೆಯವರು ಮೂಟೆ ಹೊತ್ತು ಟಾಪಿನ ಮೇಲೆ ಹತ್ತುತ್ತಿದ್ದರು, ಕಂಡಕ್ಟರ್ ಕೂಗಾಡುತ್ತಿದ್ದ. ಎಡಗಡೆಗೆ ಒಂದು ಕುರಿ ಮಂದೆ, ಕಂಬಳಿ ಹೊದ್ದ ಮುದುಕ. ಎಡಗಡೆಯದೆಲ್ಲ ಕಂಡಿತು. ಬಲಗಡೆಯ ಬಂಡಿ ಜಾಡಿನಿಂದ ಒಂದು ಟ್ರಾಕ್ಟರ್ ರಸ್ತೆಗೆ ಏರಿದ್ದು ಕಾಣಲಿಲ್ಲ. ಅದರ ದೊಡ್ಡ ಚಕ್ರ ಗಾಜಿನ ತುಂಬ ಕಪ್ಪಗೆ ನಿಂತಾಗಲೇ ಕಂಡದ್ದು. ಅದರ ಮೇಲಿದ್ದದ್ದು ಒಂದು ಹುಡುಗಿ, ಹಸಿರು ಲಂಗ, ಎರಡು ಜಡೆ. ಸದ್ದು ಕೇಳಿಸಿತೋ ಇಲ್ಲವೋ. ಹಸಿರು ಲಂಗ ಸೀಟಿನಿಂದ ಎದ್ದು ಗಾಳಿಯಲ್ಲಿ ಅಗಲವಾಗಿ ಬಿಚ್ಚಿಕೊಂಡದ್ದು ಮಾತ್ರ ಕಂಡಿತು. ಎದೆಗೆ ಸ್ಟೀರಿಂಗ್ ಬಂದು ನಾಟಿತು. ಆಮೇಲೆ ಎಲ್ಲಾ ಕಡೆಯೂ ಮಬ್ಬು.

ಎಚ್ಚರವಾದಾಗ ತಲೆಯ ಮೇಲೆ ಸುಣ್ಣ ಬಳಿದ ಎತ್ತರದ ಸೂರು. ಉಸಿರು ಎಳೆದರೆ ಎದೆಯೊಳಗೆ ಯಾರೋ ಗಾಜು ತುಳಿದ ಹಾಗೆ. ಶಿರಾದ ಆಸ್ಪತ್ರೆ ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಕಾಟಮ್ಮ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಡಾಕ್ಟರು ಬಂದು, "ಪಕ್ಕೆಯ ಮೂರು ಮೂಳೆ, ಬಲ ಭುಜದ ಮೂಳೆ ಒಂದು. ಇಪ್ಪತ್ತರ ಹುಡುಗನಿಗೆ ಇದೇ ಪೆಟ್ಟು ಬಿದ್ದಿದ್ದರೆ ಬಾವು ಬಂದು ಇಳಿಯುತ್ತಿತ್ತು. ನಿಮಗೆ ಅರವತ್ಮೂರು, ಮುರಿಯಿತು. ಕೂಡಿಕೊಳ್ಳುತ್ತೆ, ನಿಧಾನ ಆಗುತ್ತೆ ಅಷ್ಟೆ," ಎಂದರು. ಪಾಲಣ್ಣ ತಲೆಯಾಡಿಸಿದ. ಅವನು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಅದು ಗಂಟಲಿನವರೆಗೆ ಬಂದು, ಕೇಳಿದರೆ ಉತ್ತರ ಬರುತ್ತದೆ ಎಂದು ಹೆದರಿ ವಾಪಸ್ಸು ಹೋಯಿತು. ಕೇಳದಿದ್ದರೆ ಹುಡುಗಿ ಗಾಳಿಯಲ್ಲೇ ಇರುತ್ತಾಳೆ, ಕೆಳಗೆ ಬೀಳುವುದಿಲ್ಲ.

ಎರಡು ದಿನ ಹೀಗೇ ಕಳೆಯಿತು. ಹಳೆಯ ಬಸ್ಸಿನ ಡ್ರೈವರುಗಳು, ಕಂಡಕ್ಟರುಗಳು ಮೂಸಂಬಿ ಹಿಡಿದು ಬಂದರು. ಮಂಚದ ಸುತ್ತ ನಿಂತು, ನೀನಂಥ ಡ್ರೈವರ್ ಈ ಜಿಲ್ಲೆಯಲ್ಲೇ ಇಲ್ಲ ಎಂದರು. ಒಬ್ಬ, "ಹೆಣ್ಣು ಹುಡುಗಿ ಕೈಗೆ ಟ್ರಾಕ್ಟರ್ ಕೊಟ್ಟವ್ರಲ್ಲಪ್ಪ, ಅವ್ರಿಗೆ ಏನು ಹೇಳಾನ?" ಎಂದ. ಹುಡುಗಿ ಏನಾದಳೆಂದು ಅವರಲ್ಲಿ ಯಾರೂ ಹೇಳಲಿಲ್ಲ. ಹೇಳದೆ ಇರುವುದರಲ್ಲೇ ಎಲ್ಲ ಇದೆ ಎಂದು ಪಾಲಣ್ಣನಿಗೆ ಅನ್ನಿಸಿತು. ತನ್ನ ಎದುರು ಅದನ್ನು ಆಡಬಾರದೆಂದು ಡಾಕ್ಟರು ಹೇಳಿರಬೇಕು. ಮಲಗಿದಲ್ಲೇ ಮೂತ್ರದ ಪಾತ್ರೆ ಹಿಡಿಯಲು ಆಯಾ ಬಂದಾಗ ನಾಚಿಕೆಯಿಂದ ಮುಖ ತಿರುಗಿಸುತ್ತಿದ್ದ. ಆ ನಾಚಿಕೆಯಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು, ಇದು ತನಗೆ ಸಲ್ಲಬೇಕಾದದ್ದು ಎಂಬಂತೆ. ಎರಡನೆಯ ದಿನ ಮಧ್ಯಾಹ್ನ ಗೋಡೆಯ ಆಚೆಯಿಂದ ಹೆಂಗಸೊಬ್ಬಳು ಕೂಗಿಕೊಳ್ಳುವುದು ಕೇಳಿಸಿತು. ಒಂದೇ ಸಮನೆ ಏರುವ, ನಡುವೆ ನಿಂತು ಮತ್ತೆ ಏರುವ ಕೂಗು. ಆ ಹುಡುಗಿಯ ತಾಯಿ ಎಂದುಕೊಂಡ. ಎದ್ದು ಹೋಗಿ ಕಾಲಿಗೆ ಬೀಳಬೇಕೆಂದು ಮೊಣಕೈ ಊರಿದ. ಎದೆಯ ಗಾಜು ಒಟ್ಟಿಗೇ ಒಡೆದು, ಬಾಯಿಂದ ಒಂದು ಸದ್ದು ಹೊರಟಿತು.

ಸಿಸ್ಟರ್ ಸಿದ್ದಗಂಗಮ್ಮ ಓಡಿಬಂದರು. ಐವತ್ತು ದಾಟಿದ ದಪ್ಪನೆಯ ಹೆಂಗಸು, ಯಾರಿಗೂ ಸೊಪ್ಪು ಹಾಕುವವರಲ್ಲ. "ಎಲ್ಲಿಗೆ ಹೊಂಟೆ? ಮೂಳೆ ಕಟ್ಟಿರಾದು ಆಟಕ್ಕಾ?"

"ಆ ಹುಡುಗಿ," ಎಂದ ಪಾಲಣ್ಣ. "ಆ ಹುಡುಗಿ ತಾಯಿ ಅಳ್ತಾ ಅವಳೆ."

"ಯಾವ ಹುಡುಗಿ?"

"ಟ್ರಾಕ್ಟರ್ ಹುಡುಗಿ. ನಾನು ಸಾಯಿಸ್ಬುಟ್ಟೆ ಕಣಮ್ಮ."

ಸಿದ್ದಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡಿದರು. "ಅಳ್ತಿರಾಳು ಹೆರಿಗೆ ನೋವು ತಿಂತಾ ಅವಳೆ. ಇನ್ನರ್ಧ ಗಂಟೆಗೆ ಆಯ್ತದೆ. ಟ್ರಾಕ್ಟರ್ ಹುಡುಗಿ ಹೆಂಗಸರ ವಾರ್ಡಲ್ಲಿ ಕೂತ್ಕಂಡು ಮುದ್ದೆ ತಿಂತಾ ಅವಳೆ. ಈಗ್ತಾನೆ ಎರಡ್ನೇ ಮುದ್ದೆ ಹಾಕಿಸ್ಕಂಡ್ಲು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ, ಎಡಗೈ ಉಳುಕು. ಉತ್ತ ಹೊಲಕ್ಕೆ ಹೋಗಿ ಬಿದ್ಲಂತೆ, ಹಾಸಿಗೆ ಮೇಲೆ ಬಿದ್ದಂಗೆ. ಹದಿನೇಳು ವರ್ಷದ ಮೂಳೆ, ಹಸೀ ಬರ್ಲು ಕಡ್ಡಿ ಇದ್ದಂಗೆ, ಬಾಗ್ತದೆ. ಮುರಿಯಾದು ನಿನ್ನಂಥೋರ್ದು."

ಪಾಲಣ್ಣನಿಗೆ ಮೊದಲು ಮಾತು ಅರ್ಥವಾಗಲಿಲ್ಲ. ಎರಡನೇ ಮುದ್ದೆ ಎಂಬುದಷ್ಟೇ ತಲೆಯಲ್ಲಿ ನಿಂತಿತು. ಸತ್ತವರು ಎರಡನೇ ಮುದ್ದೆ ಹಾಕಿಸಿಕೊಳ್ಳುವುದಿಲ್ಲ. ಹಸಿರು ಲಂಗ ಮೆಲ್ಲಗೆ ಕೆಳಗಿಳಿದು, ಮೃದುವಾದ ಕೆಂಪು ಮಣ್ಣಿನ ಮೇಲೆ ಕೂತು, ಬಟ್ಟಲಿಗೆ ಕೈ ಹಾಕಿತು. ಅವನು ಅಳತೊಡಗಿದ. ಅತ್ತರೆ ಪಕ್ಕೆ ಒಡೆಯುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಹಾಗೆಯೇ ನಗುವೂ ಬಂತು, ಅದು ಇನ್ನೂ ನೋಯಿಸಿತು. "ಏನಪ್ಪ ಇದು, ಎರಡೂ ಒಟ್ಟಿಗೇ ಮಾಡ್ತೀಯ, ಒಂದು ಮಾಡು," ಎಂದು ಸಿದ್ದಗಂಗಮ್ಮ ಅವನ ದಿಂಬು ಸರಿಮಾಡಿದರು. ಗೋಡೆಯ ಆಚೆ ಕೂಗು ನಿಂತು, ಎಳೆಯ ಕೊರಳೊಂದು ಕೋಪದಿಂದ ಶುರುವಾಯಿತು. ತನಗೆ ಯಾವ ಸಂಬಂಧವೂ ಇಲ್ಲದ ಆ ಮಗುವಿನ ಅಳು ಕೇಳುತ್ತ, ಎರಡು ದಿನದ ಮೇಲೆ ಮೊದಲ ಸಲ, ಅವನಿಗೆ ಹಸಿವಾಯಿತು.

ಹಸಿವಿನ ಹಿಂದೆಯೇ ಇನ್ನೊಂದು ಬಂದು ಕೂತಿತು. ಸಂಜೆಯ ಹೊತ್ತಿಗೆ ಮಲ್ಲಿಕಾರ್ಜುನಯ್ಯ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ. ಸ್ಟೂಲು ಎಳೆದುಕೊಂಡು ಕೂತು, ಮೆತ್ತಗಿನ ದನಿಯಲ್ಲಿ, "ನೀನೇನೂ ಚಿಂತೆ ಮಾಡ್ಬೇಡ ಪಾಲಣ್ಣ. ಕಾರಿನ ಮುಂಭಾಗ ಹೋಗಿದೆ, ಹೋಗ್ಲಿ, ಕಬ್ಬಿಣ ತಾನೆ. ನಾಳೆ ಪೊಲೀಸ್ ದಫೇದಾರ್ರು ಹೇಳಿಕೆ ತಗೊಳಕ್ಕೆ ಬರ್ತಾರೆ. ಇದ್ದದ್ದು ಇದ್ದಂಗೆ ಹೇಳು. ಹುಡುಗಿಗೆ ಲೈಸೆನ್ಸ್ ಇಲ್ಲ, ವಯಸ್ಸೂ ಆಗಿಲ್ಲ. ಅಡ್ಡದಾರೀಲಿ ನಿಲ್ಲಿಸ್ದೆ ನುಗ್ಗಿದ್ಲು. ಅಷ್ಟೆ. ಅವರಪ್ಪ ಓಬಯ್ಯನ ಮೇಲೆ ಕೇಸ್ ಆಗುತ್ತೆ, ಟ್ರಾಕ್ಟರ್ ಸ್ಟೇಷನ್ ಮುಂದೆ ನಿಂತಿದೆ," ಎಂದರು.

"ಬಿತ್ನೆ ಕಾಲ," ಎಂದ ಪಾಲಣ್ಣ.

"ಬಿತ್ನೆ ಕಾಲ ಅಂತ ಮಗಳ ಕೈಗೆ ಕೊಟ್ರೆ ಆಗುತ್ತೇನಪ್ಪ?"

ಯಜಮಾನರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಅವನನ್ನು ಕೊರೆಯಿತು. ಅಷ್ಟನ್ನೇ ಹೇಳಿ ಸುಮ್ಮನಾದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೂವತ್ತೊಂದು ವರ್ಷ ಹಾಗೆಯೇ ಉಳಿಯುತ್ತದೆ. ಸುಳ್ಳು ಆಡಿಸುವವರು ಯಾರಾದರೂ ಎದುರಿಗಿದ್ದಿದ್ದರೆ ಜಗಳವಾಡಬಹುದಿತ್ತು. ಇಲ್ಲಿ ಎಲ್ಲರೂ ಒಳ್ಳೆಯವರು, ಮೂಸಂಬಿ ತಂದವರು. ಯಜಮಾನರು ಎದ್ದು ಹೋದ ಮೇಲೆ ಕಾಟಮ್ಮ ಸೆರಗಿನಿಂದ ಪುಟ್ಟ ಸೀಸೆಯೊಂದನ್ನು ಹೊರತೆಗೆದಳು. "ಎದೆಗೆ ಮುಟ್ಟಂಗಿಲ್ಲ ಅಂದವ್ರೆ. ಕತ್ತಿಗೆ ಹಚ್ಬೌದು ಅಂದ್ರು ಸಿಸ್ಟರು. ಎರಡು ದಿನ ತಪ್ಪೋಯ್ತು, ಇನ್ನೂ ಹಿಡ್ಕಂಡಿರ್ತದೆ." ಅವಳ ಬೆರಳು ಕತ್ತಿಗೆ ತಗುಲಿದ್ದೇ ಅವನಿಗೆ ತಡೆಯಲಾಗಲಿಲ್ಲ.

"ಬ್ಯಾಡ. ನನ್ ಕತ್ತಿಗೆ ಏನೂ ಆಗಿಲ್ಲ."

"ಏನೂ ಆಗಿಲ್ಲ ಅಂದ್ರೆ?"

"ಎಂದೂ ಆಗಿರ್ಲಿಲ್ಲ. ಬಲಗಣ್ಣು ಕಾಣಲ್ಲ ಕಣೆ. ಎರಡು ವರ್ಷ ಆಯ್ತು. ಅದಕ್ಕೇ ತಲೆ ತಿರುಗಿಸ್ತಿದ್ದೆ."

ಕಾಟಮ್ಮ ಸೀಸೆಗೆ ಬಿರಡೆ ಹಾಕಿದಳು. ಮತ್ತೆ ತೆಗೆದಳು, ಮತ್ತೆ ಹಾಕಿದಳು. "ಎರಡು ವರ್ಷ ಎಣ್ಣೆ ತಿಕ್ಕಿವ್ನಿ," ಎಂದಳು. "ನಿಮ್ಮಕ್ಕನ ಮಗಳ ಮದುವೆ ದಿನಾನೂ ತಿಕ್ಕಿವ್ನಿ. ನಂಗೆ ಜ್ವರ ಬಂದು ಮಲಗಿದ್ದಾಗ್ಲೂ ಎದ್ದು ತಿಕ್ಕಿವ್ನಿ." ದನಿ ಏರುತ್ತಿದ್ದುದನ್ನು ಕೇಳಿ ಪಕ್ಕದ ಮಂಚದವನು ಆಚೆ ಹೊರಳಿಕೊಂಡ. ಅವಳು ಎದ್ದು ಹೊರಗೆ ಹೋದಳು. ಪಾಲಣ್ಣ ಬಾಗಿಲನ್ನೇ ನೋಡುತ್ತ ಮಲಗಿದ. ಹೇಳಿದ್ದರಿಂದ ಎದೆಯ ಮೇಲಿನ ಭಾರ ಇಳಿದಿತ್ತು. ಇಳಿದ ಭಾರವನ್ನು ಅವಳು ಹೊತ್ತುಕೊಂಡು ಹೋದಳೇ ಎಂದು ಕಸಿವಿಸಿಯಾಯಿತು. ಬಹಳ ಹೊತ್ತಿನ ಮೇಲೆ ಅವಳು ಎರಡು ಲೋಟ ಕಾಫಿ ಹಿಡಿದು ಬಂದಳು. ಒಂದನ್ನು ಅವನ ತುಟಿಗೆ ಹಿಡಿದು ಕುಡಿಸಿ, ಆಮೇಲೆ ತನ್ನ ಅಂಗೈಯಿಂದ ಅವನ ಎಡಗಣ್ಣನ್ನು ಮುಚ್ಚಿದಳು. ಕೈಯಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು.

"ನಾನು ಕಾಣ್ತೀನಾ?"

"ಬೆಳ್ಳಗೆ ಏನೋ ಐತೆ. ನೀನಿರ್ಬೇಕು."

"ಇರ್ಬೇಕು ಅಂತೆ," ಎಂದು ಅವಳು ಕೈ ತೆಗೆದು ಮುಖ ಒರೆಸಿಕೊಂಡಳು. "ಆ ಕೂಸು ಕಾರಲ್ಲಿತ್ತಲ್ಲ ಅವತ್ತು ಬೆಳಿಗ್ಗೆ. ದೇವ್ರೇ. ಇಳ್ದಿತ್ತಲ್ಲ, ಇಳ್ದಿತ್ತು." ಹಾಗೆ ನಾಲ್ಕೈದು ಸಲ ಇಳ್ದಿತ್ತು ಇಳ್ದಿತ್ತು ಎಂದು ತನಗೆ ತಾನೇ ಹೇಳಿಕೊಂಡಳು.

ಮಾರನೆಯ ಬೆಳಿಗ್ಗೆ, ದಫೇದಾರರು ಬರುವುದಕ್ಕಿಂತ ಮೊದಲೇ ಓಬಯ್ಯ ಬಂದ. ಒಂದು ಪಾದಕ್ಕೆ ಬಟ್ಟೆ ಸುತ್ತಿತ್ತು, ಕೋಲೂರಿ ಕುಂಟುತ್ತಿದ್ದ. ಹಿಂದೆ ಹುಡುಗಿ. ಹುಬ್ಬಿನ ಮೇಲೆ ಪಟ್ಟಿ, ಕಣ್ಣಿನ ಸುತ್ತ ನೇರಳೆ ಬಣ್ಣ, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಎಡಗೈ. ಆಸ್ಪತ್ರೆಯ ದೊಗಳೆ ಅಂಗಿಯಲ್ಲಿ ಅವಳು ತುಂಬ ಚಿಕ್ಕವಳಾಗಿ ಕಂಡಳು. ಇಂಥ ಒಂದು ಜೀವ ಅಷ್ಟು ದೊಡ್ಡ ಚಕ್ರಗಳ ಮೇಲೆ ಕೂತಿತ್ತೇ! ಓಬಯ್ಯ ಕೋಲು ಬಿಟ್ಟು ಮಂಚದ ಕಾಲು ಹಿಡಿದುಕೊಂಡ. "ಅಣ್ಣಾ, ತಪ್ಪಾಯ್ತು. ಕಾಲಿಗೆ ನೇಗಿಲ ಕುಳ ಚುಚ್ಚಿ ಮೂರು ವಾರ ಆಯ್ತು, ಕ್ಲಚ್ ತುಳಿಯಾಕೆ ಆಗ್ತಿರ್ಲಿಲ್ಲ. ಹದ ಹೋಗ್ಬುಡ್ತದೆ ಅಂತ ಈರಕ್ಕನ ಕೈಗೆ ಕೊಟ್ಟೆ. ಮಡ್‌ಗಾರ್ಡ್ ಮೇಲೆ ಕೂತ್ಕಂಡು ಕಲ್ತಿದ್ಲು. ಹೊಲದಾಗೆ ಚೆಂದಾಗಿ ಉಳ್ತಾಳೆ ಅಣ್ಣಾ, ಗೆರೆ ಎಳ್ದಂಗೆ. ರಸ್ತೆಗೆ ಬಿಡ್ಬಾರ್ದಿತ್ತು. ನಿನ್ ಎದೆ ಮುರಿದ್ಬುಟ್ವಿ. ದಫೇದಾರ್ರಿಗೆ ಒಂದು ಮಾತು ಹೇಳಣ್ಣಾ."

"ಏಳು ಓಬಯ್ಯ. ಮೊದ್ಲು ಏಳು ಮೇಲಕ್ಕೆ," ಎಂದು ಪಾಲಣ್ಣ ಹುಡುಗಿಯ ಕಡೆ ನೋಡಿದ. ಅವಳು ಬಾಗಿಲ ಹತ್ತಿರವೇ ನಿಂತಿದ್ದಳು. "ಬಾರಮ್ಮ. ನೋವು ಐತಾ?"

ಅವಳು ತಲೆ ಅಲ್ಲಾಡಿಸಿದಳು. "ನೀನು ಸತ್ತೋದೆ ಅಂದ್ಕಂಡಿದ್ದೆ ತಾತ," ಎಂದಳು. "ಬಾಯಾಗೆ ರಕ್ತ ಬತ್ತಿತ್ತು. ಕೂಗಿದ್ರೂ ಏಳ್ನಿಲ್ಲ. ನಿನ್ನೆ ಮಧ್ಯಾಹ್ನ ಸಿಸ್ಟರು ಹೇಳಿದ್ರು, ಮಾತಾಡ್ತಾ ಐತೆ ಮುದುಕಪ್ಪ ಅಂತ. ಅಲ್ಲೀಗಂಟ ಗಂಟ್ಲಲ್ಲಿ ಏನೂ ಇಳೀನಿಲ್ಲ."

ಹಾಗಾದರೆ ಅವಳಿಗೂ ಎರಡು ದಿನ. ಗೋಡೆಯ ಆಚೆ ಅವಳು ಮನಸ್ಸಿನಲ್ಲೇ ಅವನನ್ನು ಕೊಂದು ಕೂತಿದ್ದಳು, ಈಚೆ ಅವನು ಅವಳನ್ನು. ಪಾಲಣ್ಣನಿಗೆ ಇದ್ದಕ್ಕಿದ್ದಂತೆ ಅವಳ ಮೇಲೆ ತನ್ನ ಸ್ವಂತ ಮೊಮ್ಮಗಳ ಮೇಲೆ ಬರುವಂಥ ಸಲಿಗೆ ಉಕ್ಕಿತು. "ನಾನು ನಿನ್ನ ನೋಡ್ನೇ ಇಲ್ಲ ಕಣಮ್ಮ," ಎಂದ. "ನಂಗೆ ಬಲಗಣ್ಣು ಕಾಣಲ್ಲ. ಯಾರ್ಗೂ ಹೇಳ್ದೆ ಓಡಿಸ್ತಿದ್ದೆ. ಕಂಡಿದ್ರೆ ಅಲ್ಲೇ ನಿಲ್ತಿತ್ತು ಕಾರು. ದೂರದಿಂದ್ಲೇ ಕಾಣ್ಬೇಕಾಗಿತ್ತು ನೀನು."

ಹುಡುಗಿ ಎರಡು ಹೆಜ್ಜೆ ಮುಂದೆ ಬಂದಳು. "ನಾನು ನೋಡ್ದೆ," ಎಂದಳು.

"ಏನು?"

"ಕಾರು ಬರಾದು ನೋಡ್ದೆ ತಾತ. ನಿಲ್ಲಿಸ್ನಿಲ್ಲ. ನಿಲ್ಲಿಸಿದ್ರೆ ಆಫ್ ಆಗೋಯ್ತದೆ, ಬ್ಯಾಟ್ರಿ ಸರಿ ಇಲ್ಲ, ತಳ್ಳಾಕೆ ಯಾರೂ ಇರ್ನಿಲ್ಲ. ಕಾರ್ನೋರು ನಿಲ್ಲಿಸ್ತಾರೆ ಅಂದ್ಕಂಡೆ. ದೊಡ್ಡೋರು, ಅವ್ರಿಗೆ ಗೊತ್ತಾಯ್ತದೆ ಅಂತ."

"ಲೇ, ನಂಗೆ ಹೇಳ್ಲಿಲ್ವಲ್ಲೇ!" ಎಂದು ಓಬಯ್ಯ ಕೈ ಎತ್ತಿದ. ಎತ್ತಿದ ಕೈ ಮಗಳ ಹುಬ್ಬಿನ ಪಟ್ಟಿಯನ್ನು ನೋಡಿ ಅವಳ ತಲೆಯ ಮೇಲೆ ಇಳಿದು ಅಲ್ಲೇ ಉಳಿಯಿತು. ಹುಡುಗಿ ಅಳಲು ಶುರುಮಾಡಿದಳು, ಹದಿನೇಳರ ಹುಡುಗಿಯ ಹಾಗಲ್ಲ, ಏಳು ವರ್ಷದವಳ ಹಾಗೆ, ಮೂಗು ಸುರಿಸಿಕೊಂಡು. ಕಾಟಮ್ಮ ಎದ್ದು ಅವಳನ್ನು ತನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂರಿಸಿಕೊಂಡು, ಒಂದು ಮೂಸಂಬಿ ಸುಲಿಯತೊಡಗಿದಳು.

ಹತ್ತು ಗಂಟೆಗೆ ದಫೇದಾರರು ಬಂದರು, ಜೊತೆಗೆ ಮಲ್ಲಿಕಾರ್ಜುನಯ್ಯನವರೂ. ಪಾಲಣ್ಣ ಎಲ್ಲ ಹೇಳಿದ. ಮಿನಾರಿನ ವಿಷಯವನ್ನೂ, ನ ಗ ರ ದ ಪ ಎಂದು ಒಪ್ಪಿಸಿದ್ದನ್ನೂ, ದಾರಿಯಲ್ಲಿ ಮೊಳದಷ್ಟು ಅಂತರದಲ್ಲಿ ತಪ್ಪಿಹೋದ ಸೈಕಲ್ಲನ್ನೂ. ದಫೇದಾರರು ಬರೆಯುವುದನ್ನು ನಿಲ್ಲಿಸಿ, "ಇಷ್ಟೆಲ್ಲ ಬ್ಯಾಡ ಪಾಲಣ್ಣ, ಜಾಗ ಇಲ್ಲ ಕಾಗದದಾಗೆ," ಎಂದರು. ಆಮೇಲೆ ಹುಡುಗಿಯ ಮಾತನ್ನೂ ಕೇಳಿ ಬರೆದುಕೊಂಡರು. ಇಬ್ಬರ ಮೇಲೂ ಕೇಸು ಹಾಕುತ್ತೇನೆ, ಇಬ್ಬರಿಗೂ ಕೋರ್ಟಿನಲ್ಲಿ ದಂಡ ಬೀಳುತ್ತದೆ, ಪಾಲಣ್ಣನ ಲೈಸೆನ್ಸ್ ಹೋಗುತ್ತದೆ ಎಂದರು. ಇನ್ಸ್‌ಪೆಕ್ಟರು ಬಂದು ನೋಡಿದ ಮೇಲೆ ಟ್ರಾಕ್ಟರನ್ನು ಸಂಜೆಗೆ ಬಿಡಬಹುದು, ಓಡಿಸಿಕೊಂಡು ಹೋಗುವವನಿಗೆ ಮಾತ್ರ ಲೈಸೆನ್ಸ್ ಇರಬೇಕು ಎಂದೂ ಸೇರಿಸಿದರು. ಪಾಲಣ್ಣ ದಿಂಬಿನ ಕೆಳಗಿನ ಚೀಲದಿಂದ ತನ್ನ ಲೈಸೆನ್ಸ್ ತೆಗೆಸಿ ಅವರ ಕೈಗೆ ಕೊಟ್ಟ. ಅಂಚು ಸವೆದು ಬಟ್ಟೆಯಷ್ಟು ಮೆತ್ತಗಾಗಿದ್ದ ಪುಸ್ತಕ.

ಎಲ್ಲರೂ ಹೋದ ಮೇಲೂ ಮಲ್ಲಿಕಾರ್ಜುನಯ್ಯ ಸ್ಟೂಲಿನ ಮೇಲೆ ಕೂತೇ ಇದ್ದರು. ಬೈಯುತ್ತಾರೆ ಎಂದು ಪಾಲಣ್ಣ ಕಾದ. ಅವರು ಶಲ್ಯದ ಅಂಚನ್ನು ಬೆರಳಿಗೆ ಸುತ್ತುತ್ತ, "ಮಕ್ಕಳನ್ನ ದಿನಾ ಸ್ಕೂಲಿಗೆ ಬಿಡ್ತಿದ್ದೆಯಲ್ಲ ಪಾಲಣ್ಣ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಪಾಲಣ್ಣನಿಗೆ ಹೌದು ಎಂದು ಹೇಳುವುದೂ ದೊಡ್ಡ ಮಾತಾಗಿ ಕಂಡು ಕಣ್ಣು ಮುಚ್ಚಿಕೊಂಡ. ಮುರಿದ ನಾಲ್ಕು ಮೂಳೆಗಳ ನೋವು ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ಈ ಒಂದು ಮಾತು ಇನ್ನು ಇದ್ದಷ್ಟು ದಿನ ಇರುತ್ತದೆ. ಇರಲಿ. ಸ್ಟೂಲು ಸರಿದ ಸದ್ದಾಯಿತು. ಹೊರಟರು ಎಂದುಕೊಂಡ. ಅವರು ಬಾಗಿಲಲ್ಲಿ ನಿಂತು ಕಾಟಮ್ಮನಿಗೆ, "ಕಣ್ಣಿನ ಪೊರೆ ಇರ್ಬೇಕು. ತುಮಕೂರಲ್ಲಿ ತೆಗೀತಾರೆ. ಮೂಳೆ ಕೂಡಿದ ಮೇಲೆ ಕರ್ಕೊಂಡು ಹೋಗಮ್ಮ. ಕಾರು ರಿಪೇರಿಗೆ ಹೋಗಿದೆ, ಬಸ್ಸಲ್ಲೇ ಹೋಗ್ಬೇಕಾಗುತ್ತೆ," ಎನ್ನುತ್ತಿದ್ದರು.

ಹೋದದ್ದು ಎರಡೂವರೆ ತಿಂಗಳ ಮೇಲೆ, ಭಾದ್ರಪದದಲ್ಲಿ. ಶಿರಾದ ಬಸ್‌ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸು ಹತ್ತಿದಾಗ ಡ್ರೈವರ್ ಅವನನ್ನು ಗುರುತಿಸಿ, "ಬಾ ಅಣ್ಣಾ, ಮುಂದೆ ಬಾ, ಇಂಜಿನ್ ಪಕ್ಕ ಕೂತ್ಕೋ," ಎಂದು ಕರೆದ. ಪಾಲಣ್ಣ ಕೈಯಾಡಿಸಿ ಬೇಡವೆಂದು, ನಡುವಿನ ಸೀಟಿನಲ್ಲಿ ಕಾಟಮ್ಮನ ಪಕ್ಕ ಕೂತ. ಬಸ್ಸು ಹೊರಟಿತು. ಮೊದಲ ಮೂರು ಮೈಲಿ ಅವನ ಬಲಗಾಲು ತನ್ನಷ್ಟಕ್ಕೆ ನೆಲದ ತಗಡನ್ನು ಒತ್ತುತ್ತಲೇ ಇತ್ತು. ಎದುರಿಗೆ ಲಾರಿ ಬಂದಾಗ ಒತ್ತಿತು, ಎಮ್ಮೆ ಅಡ್ಡ ಬಂದಾಗ ಒತ್ತಿತು. ಡ್ರೈವರ್ ಮಾಡುವುದೆಲ್ಲ ಒಂದು ಕ್ಷಣ ತಡ ಅನ್ನಿಸುತ್ತಿತ್ತು. ಲಾರಿ ದಾಟಿಹೋಯಿತು, ಎಮ್ಮೆಯೂ ಪಕ್ಕಕ್ಕೆ ಸರಿಯಿತು. ಅವನು ಒತ್ತಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಳ್ಳಂಬೆಳ್ಳದ ಕೆರೆ ತುಂಬಿ ಬಿಸಿಲಿಗೆ ಹೊಳೆಯುತ್ತಿತ್ತು. ಈ ರಸ್ತೆಯಲ್ಲಿ ಎಷ್ಟು ಸಲ ಬಂದಿದ್ದರೂ ಅದನ್ನು ಇಷ್ಟು ಹೊತ್ತು ನೋಡಿರಲಿಲ್ಲ, ಓಡಿಸುವವನು ಕೆರೆ ನೋಡುವುದಿಲ್ಲ. ಓಬಯ್ಯ ಹೋದ ವಾರ ಮನೆಗೆ ಬಂದಿದ್ದ. ಕಡಲೆಕಾಯಿ ಚೆನ್ನಾಗಿ ಕಾಯಿ ಕಟ್ಟಿದೆಯಂತೆ. ಈರಕ್ಕ ಹಟ ಮಾಡುತ್ತಿದ್ದಾಳಂತೆ, ಹದಿನೆಂಟು ತುಂಬಿದ ದಿನವೇ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು ಎಂದು. "ಅಡ್ಡದಾರಿ ಬಂದ್ರೆ ಆಫ್ ಆದ್ರೂ ಆಗ್ಲಿ ಅಂತ ನಿಲ್ಲಿಸ್ತಾಳಂತೆ, ತಾತಂಗೆ ಹೇಳು ಅಂದ್ಲು," ಎಂದಿದ್ದ. ಇದನ್ನು ನೆನೆದು ಪಾಲಣ್ಣನಿಗೆ ನಗು ಬಂತು. ಈಗ ನಕ್ಕರೆ ಪಕ್ಕೆ ನೋಯುತ್ತಿರಲಿಲ್ಲ. ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಬಸ್ಸು ಅವನ ಅಪ್ಪಣೆ ಕೇಳದೆ ತಿರುವುಗಳನ್ನು ತಿರುಗುತ್ತಿತ್ತು, ಗೇರು ಬದಲಾಗುತ್ತಿತ್ತು. ಇಷ್ಟು ಜನರ ಜೀವಕ್ಕೆ ತಾನು ಹೊಣೆಯಲ್ಲ ಎಂಬುದು ಮೈಯ ಒಂದೊಂದೇ ಭಾಗಕ್ಕೆ ತಿಳಿಯುತ್ತ ಬಂದು, ಕೊನೆಗೆ ಬಲಗಾಲಿಗೂ ತಿಳಿಯಿತು.

"ಏಳು, ಬಂತು," ಎಂದು ಕಾಟಮ್ಮ ಭುಜ ಅಲುಗಿಸುತ್ತಿದ್ದಳು.

ಅವನು ಕಣ್ಣು ಬಿಟ್ಟ. ಜನ ಇಳಿಯುತ್ತಿದ್ದರು. ಹೊರಗೆ ತುಮಕೂರಿನ ಗದ್ದಲ. ಅವನ ತಲೆ ಅವಳ ಹೆಗಲ ಮೇಲಿತ್ತು. "ನಿದ್ದೆ ಬಂದ್ಬುಟ್ಟಿತ್ತಾ?" ಎಂದ, ನಂಬಲಾರದೆ.

"ಸೀಬಿ ಹತ್ರದಿಂದ ಗೊರಕೆ ಹೊಡೀತಾ ಇದ್ದೆ."

"ದಾರೀಲಿ ಏನಾಯ್ತು?"

"ಏನೂ ಆಗ್ನಿಲ್ಲ," ಎಂದು ಕಾಟಮ್ಮ ಚೀಲ ಎತ್ತಿಕೊಂಡಳು.